ಹದಿನಾಲ್ಕನೆಯ ಹಸುವಿನ ಹಾಲು

ಮೊದಲಿಗೆ ನಮಸ್ಕಾರ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಸಮುದ್ರ ದಾಟಿಸಿ, ಕೈಕಾಲು ನೆಟ್ಟಗಿರುವಂತೆಯೇ ಮೈಸೂರಿಗೆ ಮರಳಿ ತಂದ ಭಗವಂತನಿಗೆ ಕೃತಜ್ಞತೆ. ಅಕ್ಷರ ಕಲಿಸಿದ ಗುರುಗಳಿಗೆ ಕೃತಜ್ಞತೆ. ಅವರು ಹೇಳಿಕೊಟ್ಟದ್ದರಲ್ಲಿ ನಾನು ಕಲಿತದ್ದು ಎಷ್ಟು ಕಡಿಮೆಯೆಂಬುದು ಈ ಬರಹದಿಂದ ತಿಳಿದುಬಂದರೆ ಆ ದೋಷ ನನ್ನದೇ ಹೊರತು ಅವರದಲ್ಲ. ಹೆಸರಿಲ್ಲದ, ಕಿವಿಯ ಹಳದಿ ಬಿಲ್ಲೆಯಲ್ಲಿ ಸಂಖ್ಯೆಯೊಂದನ್ನು ಮಾತ್ರ ಹೊತ್ತ ಒಂದು ಹಸುವಿಗೆ ಕೃತಜ್ಞತೆ. ಕಡೆಯದಾಗಿ, ನಾನು ಕೇಳದೆಯೇ ನನ್ನ ಮಾನವನ್ನು ಎರಡು ದಿನ ಕಾಪಾಡಿ, ಅದಕ್ಕಾಗಿ ತನ್ನ ಕೆಲಸವನ್ನೇ ಕಳೆದುಕೊಳ್ಳಲಿದ್ದ ಒಬ್ಬ ಗೋಪಾಲಕನಿಗೆ ಕೃತಜ್ಞತೆ.

ನೈರೋಬಿಗೆ ಹೋಗಿ ಬಂದವನೆಂದರೆ ಜನ ಸಿಂಹದ ಸಂಗತಿ ಕೇಳುತ್ತಾರೆ. ನಾನು ಸಿಂಹವನ್ನು ನೋಡಲಿಲ್ಲ. ನೋಡಿದ್ದು ಹಸುಗಳನ್ನು, ಕರುಗಳನ್ನು, ಒಂದು ತಕ್ಕಡಿಯನ್ನು. ಅವುಗಳ ನಡುವೆ ನನ್ನನ್ನು.

ವಿಮಾನ ನಿಲ್ದಾಣ

ಮನೆಯ ಸಾಲಿಗ್ರಾಮವನ್ನು ಬೆಳ್ಳಿಯ ಸಂಪುಟದಲ್ಲಿಟ್ಟು, ಸಂಪುಟವನ್ನು ಮಡಿವಸ್ತ್ರದಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡೇ ಪ್ರಯಾಣ ಮಾಡಿದ್ದೆ. ಸುಂಕದವರ ಮೇಜಿನ ಹಿಂದೆ ದಪ್ಪ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಅವರು ಗಂಟು ಬಿಚ್ಚಿಸಿದರು.

"ಇದೇನು?"

"ದೇವರು," ಎಂದೆ.

"ಕಲ್ಲಿನಂತೆ ಕಾಣುತ್ತದೆ."

"ನೋಡುವುದಕ್ಕೆ ಕಲ್ಲಿನಂತೆಯೇ, ತಾಯಿ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇವರು ಕೆನ್ಯಾಕ್ಕೆ ಮೊದಲ ಸಲ ಬರುತ್ತಿರುವುದೋ?"

"ಅವನು ಎಲ್ಲೆಲ್ಲೂ ಇದ್ದಾನೆ. ಮೊದಲ ಸಲ ಬರುತ್ತಿರುವವನು ನಾನು."

"ಹಾಗಾದರೆ ನಿಮ್ಮ ಪಾಸ್‌ಪೋರ್ಟ್ ಸಾಕು. ಕರಿಬು," ಎಂದು ನಕ್ಕು ಗಂಟನ್ನು ತಾವೇ ಕಟ್ಟಿಕೊಟ್ಟರು. ಕರಿಬು ಎಂದರೆ ಸ್ವಾಗತ. ಮುಟ್ಟಿದರಲ್ಲ ಎಂದು ಮನಸ್ಸಿನೊಳಗೆ ಕಸಿವಿಸಿಗೊಂಡು, ಹೊರಗೆ ಬಂದೊಡನೆ ಸಂಪುಟಕ್ಕೆ ನೀರು ಪ್ರೋಕ್ಷಿಸಿದೆ. ಆ ಕಸಿವಿಸಿಯನ್ನೂ ಇಲ್ಲಿ ಬರೆದಿಡುವುದು ಒಳ್ಳೆಯದು. ಮುಂದಿನದಕ್ಕೆ ಹೋಲಿಸಿದರೆ ಅದು ಬಲು ಸಣ್ಣದು.

ಹೊರಗೆ ಭಾರ್ಗವಿ ಕಾದಿದ್ದಳು. ಭಾರ್ಗವಿ ನನ್ನ ತಮ್ಮನ ಮಗಳು. ಪಶುವಿಜ್ಞಾನ ಓದಿ, ಹಲವು ದೇಶದವರು ಸೇರಿ ನಡೆಸುವ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಶ್ರಾವಣಕ್ಕೆ ಬನ್ನಿ ದೊಡ್ಡಪ್ಪ ಎಂದು ಮೂರು ವರ್ಷದಿಂದ ಕರೆಯುತ್ತಿದ್ದಳು. "ನಮ್ಮ ಹುಡುಗಿ ಆಫ್ರಿಕೆಯಲ್ಲಿ ಗೋವಿನ ಹಾಲಿನ ಮೇಲೆ ಸಂಶೋಧನೆ ಮಾಡುತ್ತಾಳೆ" ಎಂದು ನಮ್ಮ ಬೀದಿಯಲ್ಲೆಲ್ಲ ನಾನು ಹೇಳಿಕೊಂಡು ಬಂದಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಳು ಅಳೆಯುವ ಹಾಲು ಮಾಂಸಕ್ಕಾಗಿ ಸಾಕುವ ಹಸುಗಳದು. ಅವಳು ಅದನ್ನು ನನ್ನಿಂದ ಎಂದೂ ಮುಚ್ಚಿಟ್ಟವಳಲ್ಲ. ಮುಚ್ಚಿಟ್ಟವನು ನಾನು.

ಆಫ್ರಿಕೆಯೆಂದರೆ ಬೆಂಕಿಯಂಥ ಬಿಸಿಲೆಂದು ತೆಳುವಾದ ಪಂಚೆಗಳನ್ನು ಮಾತ್ರ ತಂದಿದ್ದೆ. ಶ್ರಾವಣದ ನೈರೋಬಿ ಬೂದಿಬಣ್ಣದ ಮೋಡ ಹೊದ್ದು ನಡುಗುತ್ತಿತ್ತು. ಭಾರ್ಗವಿ ತನ್ನ ಸ್ವೆಟರು ಕೊಟ್ಟಳು. ಅದರ ಎದೆಯ ಮೇಲೆ ಗುಲಾಬಿ ಬಣ್ಣದ ಜಿರಾಫೆಯೊಂದಿತ್ತು. ವಿಧಿಯಿಲ್ಲದೆ ಏಳು ವಾರ ಅದನ್ನೇ ತೊಟ್ಟೆ.

ಬಯಲಿನ ಮನೆ

ಅವಳ ಮನೆ ನಗರದ ಸ್ಪ್ರಿಂಗ್ ವ್ಯಾಲಿಯಲ್ಲಿ. ಆದರೆ ಅಳತೆಯ ಕೆಲಸ ನಡೆಯುವ ತಿಂಗಳುಗಳಲ್ಲಿ ಅವಳ ವಾಸ ಮೊಂಬಾಸಾ ರಸ್ತೆಯ ಆಚೆ, ಊರು ಮುಗಿದು ಹುಲ್ಲುಗಾವಲು ತೊಡಗುವಲ್ಲಿ, ಹಸುಗಳ ಕ್ಷೇತ್ರದ ವಸತಿಗೃಹದಲ್ಲಿ. ದಿನವೂ ಬೆಳಗ್ಗೆ ನಗರದ ಕಚೇರಿಗೆ ಹೋಗಿ ಮಧ್ಯಾಹ್ನ ಮರಳುತ್ತಿದ್ದಳು. ಮನೆಯಿಂದ ಕೊಟ್ಟಿಗೆಗೆ ನಡಿಗೆಯ ದೂರ.

ಬಂದ ಮರುದಿನ ಊಟದ ಮೇಜಿನ ಮೇಲೆ ಒಂದು ಗೆರೆ ಎಳೆದು ತೋರಿಸಿದಳು. "ನೋಡಿ ದೊಡ್ಡಪ್ಪ. ಕರು ಹಾಕಿದ ದಿನದಿಂದ ಹಾಲು ಹೀಗೆ ಏರತ್ತೆ. ಒಂದೆರಡು ತಿಂಗಳಿಗೆ ಪೀಕ್. ಆಮೇಲೆ ನಿಧಾನಕ್ಕೆ ಇಳಿಯತ್ತೆ. ಏಳು ತಿಂಗಳಿಗೆ ಕರು ಬಿಡಿಸ್ತೀವಿ. ಈ ಇಳಿಯೋದಿದೆಯಲ್ಲ, ಅದು ಎಷ್ಟು ನಿಧಾನ ಅನ್ನೋದೇ ನನ್ನ ಪ್ರಶ್ನೆ."

"ಏರುವುದಕ್ಕಿಂತ ಇಳಿಯುವುದು ಮುಖ್ಯವೋ?"

"ಹೂಂ. ಈ ಹಸುಗಳ ತಾಯಿ ಇಲ್ಲಿನ ಡುಬ್ಬದ ತಳಿ. ತಂದೆ ಹೊರಗಿನದು. ತಾಯಿಯ ಕಡೆಯಿಂದ ಬರಗಾಲ ತಡೆಯೋ ಶಕ್ತಿ, ತಂದೆ ಕಡೆಯಿಂದ ಹಾಲು, ಮೈ. ಹುಲ್ಲು ಒಣಗಿದಾಗ ಈ ಮಿಶ್ರತಳಿ ಹಾಲನ್ನ ಹಿಡ್ಕೊಳತ್ತಾ, ಬಿಟ್ಟುಬಿಡತ್ತಾ? ಕರು ಬೆಳೆಯೋದು ಅದರ ಮೇಲೇ. ಇವುಗಳನ್ನ ಯಾರೂ ಕರೆಯಲ್ಲ ದೊಡ್ಡಪ್ಪ. ಹಾಲೆಲ್ಲ ಕರುವಿಗೇ."

"ಕರೆಯದೆ ಅಳೆಯುವುದು ಹೇಗಮ್ಮ?"

"ಗುರುವಾರ ಬನ್ನಿ, ತೋರಿಸ್ತೀನಿ."

ತೂಕದ ದಿನ

ಹದಿನೈದು ದಿನಕ್ಕೊಮ್ಮೆ ಬರುವ ತೂಕದ ದಿನದ ಹಿಂದಿನ ಸಂಜೆ ಕರುಗಳನ್ನು ತಾಯಂದಿರಿಂದ ಬೇರೆ ಕಟ್ಟುತ್ತಾರೆ. ಬೆಳಗಾದೊಡನೆ ಒಂದೊಂದನ್ನೇ ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿ ತೂಗುತ್ತಾರೆ. ಬಳಿಕ ತಾಯಿಯ ಬಳಿ ಬಿಡುತ್ತಾರೆ. ಕುಡಿದು ಮುಗಿಸಿ ಕೆಚ್ಚಲು ಬಿಟ್ಟೊಡನೆ ಮತ್ತೆ ತೂಗುತ್ತಾರೆ. ಎರಡು ತೂಕದ ನಡುವಿನ ಅಂತರವೇ ಹಾಲು. ಇಷ್ಟು ಸರಳವಾದ, ಇಷ್ಟು ಸೊಗಸಾದ ಉಪಾಯವನ್ನು ನಾನು ಯಾವ ಶಾಸ್ತ್ರದಲ್ಲೂ ಓದಿರಲಿಲ್ಲ.

ಕೊಟ್ಟಿಗೆಯ ಹಿರಿಯ ಗೋಪಾಲಕನ ಹೆಸರು ಮುಟುವಾ. ಐವತ್ತರ ಆಸುಪಾಸು. ಮೊಣಕಾಲಿನವರೆಗೆ ರಬ್ಬರ್ ಬೂಟು, ತಲೆಗೆ ಉಣ್ಣೆಯ ಟೊಪ್ಪಿಗೆ. ಅವನು ಕೈಯಲ್ಲಿ ಬಕೆಟ್ಟು ಹಿಡಿದು ಹಾಲು ಕುಡಿಯುವ ಕರುವಿನ ಹಿಂಭಾಗವನ್ನೇ ಏಕಾಗ್ರತೆಯಿಂದ ನೋಡುತ್ತ ನಿಂತಿದ್ದ. ಕರು ಬಾಲ ಎತ್ತಿದ್ದೇ ತಡ, ಓಡಿ ಬಕೆಟ್ಟು ಹಿಡಿದ. ಒಂದು ಹನಿ ಸಗಣಿಯೂ ನೆಲಕ್ಕೆ ಬೀಳಲಿಲ್ಲ. ಎರಡು ತೂಕಗಳ ನಡುವೆ ಕರು ಹಾಕಿದ ಸಗಣಿಯನ್ನು ತೂಗಿ ಕೂಡಿಸದಿದ್ದರೆ ಹಾಲಿನ ಲೆಕ್ಕ ತಪ್ಪುತ್ತದಂತೆ. ಗೋಮಯದ ಮಹಿಮೆಯನ್ನು ಐವತ್ತು ವರ್ಷ ಉಪನ್ಯಾಸ ಮಾಡಿದ ನಾನು, ಅದಕ್ಕಾಗಿ ಇಷ್ಟು ಶ್ರದ್ಧೆಯಿಂದ ಓಡಿದವರನ್ನು ಕಂಡದ್ದು ಅಂದೇ.

ಕ್ಷೇತ್ರದ ಮುಖ್ಯಸ್ಥೆ ಡಾಕ್ಟರ್ ವಂಜಿರು, ಕೂದಲನ್ನು ಬಿಗಿಯಾಗಿ ಹೆಣೆದ, ಮಿತಭಾಷಿಯಾದ ಹೆಂಗಸು. ಅವರು ಸಂಖ್ಯೆ ಕೂಗುತ್ತಿದ್ದರು, ಭಾರ್ಗವಿ ಬರೆದುಕೊಳ್ಳುತ್ತಿದ್ದಳು. ಹದಿನಾಲ್ಕನೆಯ ಹಸುವಿನ ಸರದಿ ಬಂದಾಗ ಮುಟುವಾ ನನ್ನ ಕಡೆ ತಿರುಗಿದ. "ಮ್ಜೇ, ಇವಳು ನಮ್ಮ ರಾಣಿ. ಯಾರು ಮುಟ್ಟಿದರೂ ಒದೆಯುವುದಿಲ್ಲ." ಮ್ಜೇ ಎಂದರೆ ಹಿರಿಯ, ಅಲ್ಲಿ ಅದು ಗೌರವದ ಸಂಬೋಧನೆ.

ಕೆಂಗಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಸಣ್ಣ ಡುಬ್ಬ. ಕೈ ಮುಗಿದೆ. ಯಾರು ಮುಟ್ಟಿದರೂ ಒದೆಯುವುದಿಲ್ಲ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ತಂಬಿಗೆ

ಪೂಜೆಗೆ ಹಾಲು ಬೇಕು. ನಮ್ಮ ಮನೆಯಲ್ಲಿ ಶ್ರಾವಣವಿಡೀ ಸಾಲಿಗ್ರಾಮಕ್ಕೆ ಕ್ಷೀರಾಭಿಷೇಕವಿಲ್ಲದೆ ಬೆಳಗಾಗುವುದಿಲ್ಲ. "ಇಲ್ಲಿ ಪ್ಯಾಕೆಟ್ ಹಾಲೇ ದೊಡ್ಡಪ್ಪ. ಚೆನ್ನಾಗೇ ಇರತ್ತೆ," ಎಂದು ಭಾರ್ಗವಿ ಮೊದಲೇ ಹೇಳಿದ್ದಳು. ನಾನೂ ಆಗಲೆಂದಿದ್ದೆ. ನಾಲ್ಕು ದಿನ ಅದರಲ್ಲೇ ಪೂಜೆ ಮಾಡಿದೆ. ತಿಂಗಳುಗಟ್ಟಲೆ ಕೆಡದೆ ಉಳಿಯುವ ಹಾಲು ಅದು. ಕೆಡದಿರುವುದನ್ನೇ ದೋಷವೆಂದು ಭಾವಿಸಿದೆ. ಅದರಲ್ಲಿ ಮಾಡಿದ ಕಾಫಿ ಬಾಯಿಗೆ ಹಿಡಿಸುತ್ತಿರಲಿಲ್ಲ ಎಂಬುದನ್ನು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಐದನೆಯ ಬೆಳಗ್ಗೆ, ಭಾರ್ಗವಿಯ ಕಾರು ಹೊರಟ ಮೇಲೆ, ಹಿತ್ತಾಳೆಯ ತಂಬಿಗೆ ಹಿಡಿದು ಕೊಟ್ಟಿಗೆಗೆ ನಡೆದೆ.

"ದೇವರ ಪೂಜೆಗೆ ಸ್ವಲ್ಪ ಹಾಲು ಬೇಕಿತ್ತಲ್ಲ, ಮುಟುವಾ."

ಅವನ ಮುಖದ ನಗು ಹಿಂಜರಿಯಿತು. "ಹಾಲು ಕರುವಿನದು, ಮ್ಜೇ. ಇಲ್ಲಿ ಯಾರೂ ಕರೆಯುವ ಹಾಗಿಲ್ಲ. ಡಾಕ್ಟರ್ ವಂಜಿರು ಕೇಳಿದರೆ ನನ್ನನ್ನು ಗೇಟಿನಾಚೆ ಕಳಿಸುತ್ತಾರೆ."

"ದೇವರಿಗೆ, ಅಷ್ಟೇ."

"ದಿನವೂ ಕುಡಿಯುತ್ತಾನೆಯೆ ನಿಮ್ಮ ದೇವರು?"

"ದಿನವೂ."

"ಅವನಿಗೆ ವಯಸ್ಸೆಷ್ಟು?"

"ಅವನು ಅನಾದಿ. ಹುಟ್ಟೇ ಇಲ್ಲದವನು."

"ಹಾಗಿದ್ದರೆ ಇಷ್ಟು ಹೊತ್ತಿಗೆ ಹಾಲು ಬಿಡಿಸಿರಬೇಕಿತ್ತು, ಮ್ಜೇ!" ಎಂದು ತೊಡೆ ತಟ್ಟಿ ನಕ್ಕ. ನಾನೂ ನಕ್ಕೆ. ನಕ್ಕ ಮೇಲೆ ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಚಾಚಿದ ಕೈಯನ್ನು ಹಾಗೇ ಇರಿಸಿಕೊಂಡು ನಿಂತೆ. ಮುದುಕನೊಬ್ಬ ಪಾತ್ರೆ ಚಾಚಿ ಸುಮ್ಮನೆ ನಿಂತರೆ ಅದು ಕೇಳುವುದಲ್ಲ, ಅಪ್ಪಣೆ. ನನಗದು ಗೊತ್ತಿತ್ತು. ಮೈಸೂರಿನ ಪಾಠಶಾಲೆಯಲ್ಲಿ ನಲವತ್ತು ವರ್ಷ ನಾನು ಆಡಳಿತ ನಡೆಸಿದ್ದು ಅದೇ ಮೌನದಿಂದ.

ಮುಟುವಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ನನ್ನ ತಂದೆ ಇದ್ದಿದ್ದರೆ ನಿಮ್ಮಷ್ಟೇ ವಯಸ್ಸು," ಎಂದಷ್ಟೇ ಹೇಳಿ ತಂಬಿಗೆ ಇಸಿದುಕೊಂಡ.

ಹದಿನಾಲ್ಕನೆಯ ಹಸುವಿನ ಬಳಿ ಕರುವನ್ನು ಬಿಟ್ಟ. ಅದು ಗುದ್ದಿ ಗುದ್ದಿ ಕುಡಿಯತೊಡಗಿ, ಹಾಲು ಇಳಿದದ್ದು ತಿಳಿದೊಡನೆ ಕೊರಳಿಗೆ ತೋಳು ಹಾಕಿ ಎಳೆದು, ತನ್ನ ಮೊಣಕಾಲಿನಿಂದ ಅದನ್ನು ತಡೆದು, ಕರೆದ. ಕರುವಿನ ನಾಲಗೆ ಗಾಳಿಯಲ್ಲಿ ಹಾಲು ಹುಡುಕುತ್ತಿತ್ತು. ಇದೇನೂ ನನಗೆ ಹೊಸ ನೋಟವಲ್ಲ. ನಮ್ಮಲ್ಲೂ ಹೀಗೆಯೇ. ನನ್ನ ಅಜ್ಜಿ ಹೀಗೆಯೇ ಕರೆಯುತ್ತಿದ್ದರು, ಕರು ಹೀಗೆಯೇ ನೋಡುತ್ತಿತ್ತು. ಕರು ಬಾಯಿಟ್ಟ ಹಾಲನ್ನು ನಮ್ಮ ಶಾಸ್ತ್ರ ಎಂಜಲೆಂದು ಎಣಿಸುವುದಿಲ್ಲ, ಪರಮಶುದ್ಧವೆಂದೇ ಗಣನೆ. ಆ ವಿನಾಯಿತಿಯನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಕರು ಮೊದಲು ತೃಪ್ತಿಯಾಗಿ ಕುಡಿದಿರಬೇಕೆಂಬುದು ಆ ವಿನಾಯಿತಿಯ ಬುನಾದಿಯೆಂಬುದನ್ನು ಅದೇ ಉಸಿರಿನಲ್ಲಿ ಹೇಳಿ, ಅದೇ ಉಸಿರಿನಲ್ಲಿ ಮರೆತಿದ್ದೇನೆ.

ಅಂದಿನಿಂದ ದಿನವೂ ತಂಬಿಗೆ ತುಂಬಿ ಬಾಗಿಲಿಗೆ ಬಂತು. ತೂಕದ ಬೆಳಗುಗಳಲ್ಲಿ ಭಾರ್ಗವಿ ಕೊಟ್ಟಿಗೆಗೆ ಬರುವ ಮೊದಲೇ ಮುಟುವಾ ಕರೆದಿಡುತ್ತಿದ್ದ. ಅಭಿಷೇಕಕ್ಕೆ ಬೇಕಾಗುತ್ತಿದ್ದದ್ದು ಎರಡು ಉದ್ಧರಣೆ. ದೇವರಿಗೆ ತಂದ ಹಾಲು ವ್ಯರ್ಥವಾಗಬಾರದಲ್ಲ? ಉಳಿದದ್ದರಲ್ಲಿ ಬೆಳಗ್ಗೆ ಒಂದು ಲೋಟ ಕಾಫಿ, ಹತ್ತು ಗಂಟೆಗೆ ಇನ್ನೊಂದು, ಮಿಕ್ಕದ್ದಕ್ಕೆ ಹೆಪ್ಪು. ಕೆನೆ ಬೆರಳಗಲ ಕಟ್ಟುತ್ತಿತ್ತು.

ಭಾನುವಾರ ಭಾರ್ಗವಿ ಮನೆಯಲ್ಲಿರುತ್ತಿದ್ದಳು. "ಭಾನುವಾರ ಬೇಡ" ಎಂದು ಮುಟುವಾನಿಗೆ ನಾನೇ ಹೇಳಿದ್ದೆ. ಆ ದಿನ ಭಗವಂತನಿಗೆ ಪೊಟ್ಟಣದ ಹಾಲಿನಲ್ಲೇ ಅಭಿಷೇಕವಾಗುತ್ತಿತ್ತು, ಯಾವ ಲೋಪವೂ ಕಾಣುತ್ತಿರಲಿಲ್ಲ. ವಾರದ ಆರು ದಿನ ಒಪ್ಪದ ದೇವರು ಏಳನೆಯ ದಿನ ಹೇಗೆ ಒಪ್ಪಿದನೆಂದು ನಾನು ನನ್ನನ್ನೇ ಕೇಳಿಕೊಂಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಸೌತ್ ಸಿ

ಸೌತ್ ಸಿ ಬಡಾವಣೆಯಲ್ಲಿ ಮಂಗಳೂರು ಕಡೆಯ ದಂತವೈದ್ಯ ಪೈಗಳ ಮನೆ. ಮೂವತ್ತು ವರ್ಷದಿಂದ ಅಲ್ಲೇ ನೆಲೆಸಿದವರು. ಶ್ರಾವಣ ಶನಿವಾರ ಊರಿನ ಹತ್ತಾರು ಕನ್ನಡದ ಮನೆಗಳವರು ಅಲ್ಲಿ ಸೇರಿ ನನ್ನ ಪ್ರವಚನ ಇರಿಸಿದ್ದರು. ಭಾರ್ಗವಿಯ ಕಾರು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ ಮಟಾಟು ಹತ್ತಬೇಕಾಯಿತು. ಮಟಾಟು ಅಲ್ಲಿನ ಬಾಡಿಗೆ ವ್ಯಾನು. ಚಕ್ರದ ಮೇಲೆ ಕೂರಿಸಿದ ಸಂಗೀತ ಕಚೇರಿ. ನಿರ್ವಾಹಕ ನನ್ನ ಪಂಚೆಯ ಚುಂಗು ಬಾಗಿಲಿಗೆ ಸಿಕ್ಕಿದ್ದನ್ನು ನೋಡಿ ತಾನೇ ಬಿಡಿಸಿ, ಮಡಿಲಿಗೆ ಮಡಚಿಟ್ಟು, ಎದುರಿನ ಸೀಟಿನ ಯುವತಿಯನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಆ ದೇಶದಲ್ಲಿ ಮುದಿತನವೊಂದೇ ಸಾಕು, ಜನ ಎದ್ದು ಜಾಗ ಬಿಡುತ್ತಾರೆ. ಆ ಮರ್ಯಾದೆಯನ್ನು ನಾನು ಎಲ್ಲಿ ಖರ್ಚು ಮಾಡಿಕೊಂಡಿದ್ದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಪ್ರವಚನದ ವಿಷಯ ಗೋಮಾತೆ. ಕರುವಿನ ಮೇಲೆ ತಾಯಿಹಸುವಿಗಿರುವ ಪ್ರೀತಿಯನ್ನು ವರ್ಣಿಸಿದಾಗ ಕೆಲವರು ಕಣ್ಣೊರೆಸಿಕೊಂಡರು. ಬೆಳಗ್ಗೆ ಕುಡಿದ ಕಾಫಿಯ ಕೆನೆ ಇನ್ನೂ ನನ್ನ ನಾಲಗೆಯಲ್ಲಿತ್ತು.

ಊಟದ ಹೊತ್ತಿಗೆ ಪೈಗಳು ಬಡಿಸುತ್ತ ಕೇಳಿದರು. "ಶಾಸ್ತ್ರಿಗಳೇ, ನಮ್ಮ ಭಾರ್ಗವಿ ಯಾವ ಹಸುಗಳ ಮೇಲೆ ರಿಸರ್ಚ್ ಮಾಡೋದು? ಡೈರಿಯಾ?"

"ಹೌದು, ಹೌದು, ಡೈರಿ," ಎಂದೆ.

ಎದುರಿನ ಸಾಲಿನಲ್ಲಿ ಕೂತಿದ್ದ ಭಾರ್ಗವಿ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, ಎಲೆಯ ಮೇಲಿನ ಸಾರನ್ನವನ್ನು ಕಲಸತೊಡಗಿದಳು. ಕಲಸಿದ್ದನ್ನೇ ಬಹಳ ಹೊತ್ತು ಕಲಸಿದಳು.

ಇಳಿದ ಗೆರೆ

ಮುಂದಿನ ತೂಕದಲ್ಲಿ ಹದಿನಾಲ್ಕನೆಯ ಹಸುವಿನ ಹಾಲು ಕಡಿಮೆ ಬಂತು. ಹುಲ್ಲು ಒಣಗುತ್ತಿದೆ, ಇರಬಹುದು ಎಂದರು ಡಾಕ್ಟರ್ ವಂಜಿರು. ಅದರ ಮುಂದಿನ ತೂಕದಲ್ಲಿ ಇನ್ನೂ ಇಳಿಯಿತು. ಹದಿಮೂರರದು ಇಳಿದಿರಲಿಲ್ಲ, ಹದಿನೈದರದು ಇಳಿದಿರಲಿಲ್ಲ. ಅದೇ ಹುಲ್ಲು ತಿಂದು, ಅದೇ ನೀರು ಕುಡಿದ ಹಸುಗಳು. ಕರುವಂತೂ ತನ್ನ ಓರಗೆಯವುಗಳಿಗಿಂತ ಹಿಂದೆ ಬಿದ್ದು, ಬೆನ್ನಿನ ಮೂಳೆ ಕಾಣಿಸುತ್ತಿತ್ತು.

ಭಾರ್ಗವಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಕೂತಳು. ಅವಳು ಮೊದಲು ಬರೆದು ತೋರಿಸಿದ್ದ ಹಾಗೆ ಹಲವು ಗೆರೆಗಳು ಮೆಲ್ಲಗೆ ಇಳಿಯುತ್ತಿದ್ದವು. ಒಂದು ಮಾತ್ರ ಮೆಟ್ಟಿಲಿನಿಂದ ಜಾರಿಬಿದ್ದವರ ಹಾಗೆ ಧುಮುಕಿತ್ತು.

"ಕೆಚ್ಚಲು ಬಾವು ಅಂತ ನೋಡಿದ್ವಿ, ಇಲ್ಲ. ಜ್ವರ ಇಲ್ಲ. ಯಾರೋ ಹಾಲು ಕರೀತಿದಾರೆ ದೊಡ್ಡಪ್ಪ. ಬೆಳಗ್ಗೆ ಮುಟುವಾ ಕೈಯಲ್ಲಿ ಪಾತ್ರೆ ಇತ್ತು ಅಂತ ಗೇಟಿನವನು ಹೇಳ್ತಾನೆ. ವಂಜಿರು ಕೇಳಿದ್ರು. ಕರೆದದ್ದು ನಾನೇ ಅಂತ ಒಪ್ಕೊಂಡ. ಯಾರಿಗೆ ಅಂದ್ರೆ ಬಾಯಿ ಬಿಡಲ್ಲ. ಹನ್ನೊಂದು ವರ್ಷದಿಂದ ಇದಾನೆ. ನಂಗೆ ನಂಬೋಕೇ ಆಗ್ತಿಲ್ಲ."

"ಏನು ಮಾಡುತ್ತಾರೆ?"

"ಶುಕ್ರವಾರ ತೆಗೆದುಹಾಕ್ತಾರೆ."

ಅಂದು ಬುಧವಾರ. ನನ್ನ ಮುಂದಿನ ಬಟ್ಟಲಲ್ಲಿ ಗಟ್ಟಿ ಮೊಸರಿತ್ತು. ಅವಳು ಅದರತ್ತ ನೋಡಲಿಲ್ಲ. ನೋಡಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಆ ಸಮಾಧಾನದ ನೆನಪಿಗಿಂತ ನನ್ನನ್ನು ಹೆಚ್ಚು ಸುಡುವ ನೆನಪು ಈ ಪ್ರವಾಸದಲ್ಲಿ ಬೇರೆ ಇಲ್ಲ.

ಎರಡು ದಿನ

ಆ ದಿನವನ್ನೂ ಮರುದಿನವನ್ನೂ ಹೇಗೆ ಕಳೆದೆನೆಂದು ಹೇಳುವುದು ಸುಲಭವಲ್ಲ. ಪಾರಾಯಣ ಮಾಡಿದೆ. ದೊಡ್ಡದಾಗಿ ಮಾಡಿದೆ. ಸತ್ಯವೆಂದರೇನು ಎಂಬುದಕ್ಕೆ ನನ್ನ ಬಳಿ ನಾಲ್ಕು ಶಾಸ್ತ್ರಗಳ ಲಕ್ಷಣಗಳಿದ್ದವು, ಅಪವಾದಗಳೂ ಇದ್ದವು. ಯಾವ ಅಪವಾದದ ಕೆಳಗೆ ನಾನು ತೂರಬಹುದೆಂದು ಹುಡುಕಿದೆ. ದೇವಕಾರ್ಯಕ್ಕಾಗಿ ಎಂಬ ಅಪವಾದದ ಕೆಳಗೆ ತೂರಲು ಹೋದರೆ ಕಾಫಿಯ ಲೋಟ ಅಡ್ಡ ಬಂತು. ಅತಿಥಿಯ ಮರ್ಯಾದೆ, ಭಾರ್ಗವಿಯ ಕೆಲಸಕ್ಕೆ ಬರಬಹುದಾದ ಕಳಂಕ, ನನ್ನ ವಯಸ್ಸು, ಒಂದೊಂದೂ ಸ್ವಲ್ಪ ಹೊತ್ತು ನಿಂತು ಕುಸಿಯಿತು.

ಗುರುವಾರ ಬೆಳಗ್ಗೆ ಕೊಟ್ಟಿಗೆಯ ಕಡೆ ಹೋದೆ. ಮುಟುವಾ ಬೇಲಿಯ ಬಳಿ ಒಬ್ಬನೇ ಕೂತಿದ್ದ. ತಂಬಿಗೆ ನನ್ನ ಕೈಯಲ್ಲಿರಲಿಲ್ಲ. "ಸವಾ, ಮ್ಜೇ?" ಎಂದ, ಕ್ಷೇಮವೇ ಎಂಬಂತೆ. "ಸವಾ," ಎಂದೆ. ಅವನು ಇನ್ನೇನಾದರೂ ಹೇಳಿಯಾನೆಂದು ಕಾದೆ. ನಾನು ಹೇಳಿಯೇನೆಂದು ಅವನೂ ಕಾದಿರಬೇಕು. ಸ್ವಲ್ಪ ಹೊತ್ತಾದ ಮೇಲೆ ಚಳಿ ಎಂದು ನೆಪ ಹೇಳಿ ಮನೆಗೆ ಮರಳಿದೆ. ಬಾಗಿಲು ಹಾಕಿಕೊಂಡೆ. ಅಂದು ಪೂಜೆಗೆ ಕೂತಾಗ ಸಂಪುಟದ ಮುಚ್ಚಳ ತೆಗೆಯಲು ನನಗೆ ಕೈ ಬರಲಿಲ್ಲ.

ಶುಕ್ರವಾರ

ಒಂಬತ್ತು ಗಂಟೆಗೆ ತೂಕದ ಕೊಟ್ಟಿಗೆಯಲ್ಲಿ ಎಲ್ಲರೂ ಸೇರಿದ್ದರು. ಡಾಕ್ಟರ್ ವಂಜಿರು ಅವರ ಕೈಯಲ್ಲಿ ಕಾಗದವಿತ್ತು. ಭಾರ್ಗವಿ ಗೋಡೆಗೆ ಒರಗಿ ನಿಂತಿದ್ದಳು. ಮುಟುವಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ನಾನು ತಂಬಿಗೆ ಹಿಡಿದು ಒಳಗೆ ಹೋದೆ. ಬಾಯಿ ಕೈಕೊಟ್ಟರೆ ಪಾತ್ರೆಯಾದರೂ ಮಾತಾಡಲಿ ಎಂದು ತಂದಿದ್ದೆ.

"ಆ ಹಾಲು ನನಗೆ ಬಂತು," ಎಂದೆ. "ಅವನು ಬೇಡವೆಂದ. ನಾನು ಬಿಡಲಿಲ್ಲ."

ಭಾರ್ಗವಿ "ದೊಡ್ಡಪ್ಪ!" ಎಂದಳು. ಡಾಕ್ಟರ್ ವಂಜಿರು ಕೋಪಿಸಿಕೊಳ್ಳುತ್ತಾರೆಂದು ನಿರೀಕ್ಷಿಸಿದ್ದೆ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಯಾವ ದಿನದಿಂದ?"

ಹೇಳಿದೆ.

"ದಿನವೂ? ಭಾನುವಾರವೂ?"

"ಭಾನುವಾರ ಇಲ್ಲ."

"ಏಕೆ?"

ಉತ್ತರಿಸುವ ಮೊದಲು ಭಾರ್ಗವಿಯ ಕಡೆ ನೋಡಿದೆ. "ಭಾನುವಾರ ಇವಳು ಮನೆಯಲ್ಲಿರುತ್ತಾಳೆ."

ಅವರು ಅದನ್ನೂ ಬರೆದುಕೊಂಡರು. ತಂಬಿಗೆ ಇಸಿದುಕೊಂಡು, ಬರಿದಾಗಿ ತೂಗಿ, ನೀರು ತುಂಬಿಸಿ ಮತ್ತೆ ತೂಗಿದರು. ಕರುವನ್ನು ತೂಗಿದ ಹಾಗೆಯೇ.

ಮುಟುವಾ ತಂಬಿಗೆಯನ್ನೇ ನೋಡುತ್ತ ಕೇಳಿದ. "ಮ್ಜೇ, ನಿಮ್ಮ ದೇವರು ಅಷ್ಟನ್ನೂ ಕುಡಿಯುತ್ತಿದ್ದನೆ?"

ಅಲ್ಲಿ ಆರು ಜನರಿದ್ದರು. ನಾನು ಸಭೆಗಳಲ್ಲಿ ಮಾತಾಡಿ ಬೆಳೆದವನು. ಅಷ್ಟು ಕಷ್ಟದ ಸಭೆಯನ್ನು ಮತ್ತೆ ಕಂಡಿಲ್ಲ.

"ಇಲ್ಲ. ದೇವರಿಗೆ ಎರಡು ಚಮಚ. ಉಳಿದದ್ದು ನನ್ನ ಕಾಫಿಗೆ, ಮೊಸರಿಗೆ."

ಯಾರೋ ಹಿಂದೆ ಕಿಸಕ್ಕೆಂದರು. ಮುಟುವಾ ನಗಲಿಲ್ಲ. "ನನ್ನ ಹೆಂಡತಿ ಬುಧವಾರ ಕೇಳಿದಳು, ಆ ಮ್ಜೇ ಬಂದು ಹೇಳುವುದಿಲ್ಲವೆ ಎಂದು. ಹೇಳುತ್ತಾರೆ, ದೇವರ ಮನುಷ್ಯ ಎಂದೆ. ನಿನ್ನೆ ಮತ್ತೆ ಕೇಳಿದಳು. ಮತ್ತೆ ಹಾಗೆಯೇ ಹೇಳಿದೆ. ಇವತ್ತು ಕೇಳಲಿಲ್ಲ."

"ನೀನಾದರೂ ಹೇಳಬಹುದಿತ್ತಲ್ಲ, ಮುಟುವಾ," ಎಂದಳು ಭಾರ್ಗವಿ.

"ತಂದೆಯ ವಯಸ್ಸಿನವರನ್ನು ಕಳ್ಳ ಎನ್ನುವುದು ಹೇಗೆ, ಡಾಕ್ಟರ್? ಅದನ್ನು ಅವರೇ ಹೇಳಿಕೊಳ್ಳಬೇಕು."

ನಾನು ಕೈ ಜೋಡಿಸಿದೆ. ಕ್ಷಮಿಸು ಎಂದೆ. ಅವನು ತಕ್ಷಣ ಕ್ಷಮಿಸಲಿಲ್ಲ. ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡು, "ಹಸುಗಳನ್ನು ಮೇಯಲು ಬಿಡುವ ಹೊತ್ತು ಮೀರಿತು," ಎಂದು ಹೊರಗೆ ನಡೆದ. ಅದು ಅವನ ಹಕ್ಕು. ನಾನು ಕೇಳಿದೊಡನೆ ಎಲ್ಲವೂ ಕೈಗೆ ಬರಬೇಕೆಂಬ ಅಭ್ಯಾಸದಿಂದಲೇ ಇಷ್ಟೆಲ್ಲ ಆದದ್ದು.

ಡಾಕ್ಟರ್ ವಂಜಿರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. "ಕೆಲಸ ಉಳಿಯುತ್ತದೆ. ಎಚ್ಚರಿಕೆಯ ಪತ್ರವಂತೂ ಹೋಗುತ್ತದೆ. ನೀವು ಅತಿಥಿ, ಸರ್. ನಿಯಮ ಗೊತ್ತಿದ್ದದ್ದು ಅವನಿಗೆ." ನನ್ನ ತಪ್ಪಿನ ಒಂದು ಪಾಲು ಹೀಗೆ ಅವನ ಹೆಸರಿನಲ್ಲೇ ಉಳಿಯಿತು. ಅದನ್ನು ಅಳಿಸುವ ಯಾವ ಪ್ರಾಯಶ್ಚಿತ್ತವೂ ನನಗೆ ತಿಳಿದಿಲ್ಲ. ಹದಿನಾಲ್ಕನೆಯ ಹಸುವಿನ ಆ ಎರಡು ಅಳತೆಗಳ ಮುಂದೆ ಅವರು ನಕ್ಷತ್ರದ ಗುರುತು ಹಾಕಿ, ಅಡಿಯಲ್ಲಿ ಬರೆದದ್ದನ್ನು ನನಗೆ ತೋರಿಸಿದರು: ಮನುಷ್ಯನ ಹಸ್ತಕ್ಷೇಪ.

ಮನೆಗೆ ಮರಳುವ ದಾರಿಯಲ್ಲಿ ಭಾರ್ಗವಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. "ಇದಕ್ಕೆ ನಂಗೆ ಸಿಟ್ಟು ಬಂದಿದೆ ದೊಡ್ಡಪ್ಪ, ಹೋಗತ್ತೆ," ಎಂದಳು ಕಡೆಗೆ. "ಆದ್ರೆ ಪೈ ಅಂಕಲ್ ಮನೇಲಿ ಡೈರಿ ಅಂದ್ರಲ್ಲ, ಅವತ್ತು ಆಗಿದ್ದು ಬೇಜಾರು. ನನ್ನ ಕೆಲಸ ಹೇಳ್ಕೊಳ್ಳೋಕೆ ನಿಮಗೆ ನಾಚಿಕೆ."

"ನಾಚಿಕೆಪಡಬೇಕಾದ ಕೆಲಸ ಯಾರದೆಂದು ಇವತ್ತು ಗೊತ್ತಾಯಿತಮ್ಮ."

"ಮಾತು ಚೆನ್ನಾಗಿದೆ," ಎಂದಳು. "ಅದನ್ನ ಅಲ್ಲೇ ಹೋಗಿ ಹೇಳಿ."

ಮತ್ತೆ ಸೌತ್ ಸಿ

ಹೇಳಿದೆ. ಮುಂದಿನ ಶನಿವಾರ ಅದೇ ಜನ, ಅದೇ ಹಾರ್ಮೋನಿಯಂ, ಅದೇ ಚಾಪೆ. ಪ್ರವಚನಕ್ಕೆ ಮೊದಲು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಮಗಳ ಸಮಾನಳಾದ ಹುಡುಗಿ ಮಾಂಸದ ಹಸುಗಳ ಮೇಲೆ ಕೆಲಸ ಮಾಡುತ್ತಾಳೆ, ಅಲ್ಲಿ ಹನಿ ಹಾಲನ್ನೂ ಕರುವಿನಿಂದ ಕಸಿಯುವುದಿಲ್ಲ, ಕಸಿದವನು ನಾನೊಬ್ಬನೇ ಎಂದೆ. ಚಾಪೆಯ ಮೇಲೆ ಕೆಲವರು ಕುಳಿತಲ್ಲೇ ಹಿಂದೆ ಸರಿದರು. ಹಿರಿಯರೊಬ್ಬರು, ಹೇಗಾದರೂ ಅವು ಕಡಿಯುವ ಹಸುಗಳೇ ತಾನೆ ಎಂದು ಗೊಣಗಿ ಎದ್ದು ಹೋದರು. ಪೈಗಳ ಹೆಂಡತಿ ಗಂಡನಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಪೈಗಳು ಭಾಷಾಂತರಿಸಿದರು. "ನಮ್ಮನೆಯವಳು ಕೇಳ್ತಾಳೆ, ಮುಟುವಾಗೆ ಈಗ ಕೆಲಸ ಉಂಟಲ್ಲ ಅಂತ."

ಉಂಟು ಎಂದೆ. ಆಕೆ ಸಾಕೆಂಬಂತೆ ತಲೆಯಾಡಿಸಿ ಒಳಗೆ ಹೋದರು. ಆ ಸಂಜೆ ನನ್ನ ಪ್ರವಚನ ಬಹಳ ಚಿಕ್ಕದಾಗಿತ್ತು. ಭಾರ್ಗವಿ ಹಿಂದಿನ ಸಾಲಿನಿಂದ ಎದ್ದು ಬಂದು ಮುಂದೆ ಕೂತಳು.

ಹೊರಡುವ ಮುನ್ನ

ಕಡೆಯ ತೂಕದ ದಿನ ಡಾಕ್ಟರ್ ವಂಜಿರು ನನ್ನ ಕೈಗೆ ಪಟ್ಟಿ ಕೊಟ್ಟು, "ಅಕ್ಷರ ಚೆನ್ನಾಗಿದೆಯಂತೆ, ಬರೆಯಿರಿ," ಎಂದರು. ಮರಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಬರೆದೆ. ಹದಿನಾಲ್ಕನೆಯ ಹಸುವಿನ ಕರುವಿನ ಸರದಿ ಬಂತು. ತೂಗಿ ಬಿಟ್ಟೊಡನೆ ಅದು ಎಡವುತ್ತ ಓಡಿತು. ತಾಯಿ ಕತ್ತು ತಿರುಗಿಸಿ ಅದರ ಬೆನ್ನು ನೆಕ್ಕಿದಳು. ಮೊದಲು ಕೇಳಿಸಿದ್ದು ಬರೀ ಚಪ್ಪರಿಕೆ, ಬಳಿಕ ಹಾಲು ಇಳಿದು ಗುಟುಕು ಗುಟುಕಾಗಿ ಗಂಟಲಿಗೆ ಹೋಗುವ ಸದ್ದು. ಬಾಯಿಯ ಅಂಚಿನಲ್ಲಿ ನೊರೆ ಕಟ್ಟಿತು. ಯಾರೂ ಎಳೆಯಲಿಲ್ಲ. ಅದು ತಾನಾಗಿಯೇ ಕೆಚ್ಚಲು ಬಿಟ್ಟು, ಕಾಲು ಅಗಲಿಸಿ, ಕುಡಿದ ಅಮಲಿನಲ್ಲಿ ಸುಮ್ಮನೆ ನಿಂತಿತು. ಪೂರ್ತಿ ಕುಡಿದು ಮುಗಿಸಿದ ಕರುವನ್ನು ಇಷ್ಟು ಹತ್ತಿರದಿಂದ ನಾನು ಎಪ್ಪತ್ತಾರು ವರ್ಷಗಳಲ್ಲಿ ಅದೇ ಮೊದಲು ನೋಡಿದ್ದು.

ಬಾಲ ಎತ್ತಿತು. ಮುಟುವಾ ತೂಕದ ಸರಳಿನ ಬಳಿಯಿದ್ದ. "ಮ್ಜೇ! ಬಕೆಟ್ಟು!" ಎಂದು ಕೂಗಿದ. ಪಟ್ಟಿ ಬಿಸುಟು, ಪಂಚೆ ಎತ್ತಿ ಕಟ್ಟಿ, ಓಡಿದೆ. ಅರ್ಧ ಬಕೆಟ್ಟಿಗೆ, ಅರ್ಧ ಜಿರಾಫೆಯ ಮೇಲೆ. ಮುಟುವಾ ಬಂದು, ನನ್ನ ಎದೆಯ ಮೇಲಿದ್ದದ್ದನ್ನು ಅಂಗೈಯಿಂದ ಗೀರಿ ಬಕೆಟ್ಟಿಗೆ ಹಾಕಿಕೊಂಡು, "ಇದೂ ಲೆಕ್ಕಕ್ಕೆ," ಎಂದ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡನೆಯ ತೂಕ ಕೂಗಿದರು. ಬರೆದೆ. ಗೆರೆ ಮೇಲೇರಿತ್ತು, ಆದರೆ ಹದಿಮೂರು, ಹದಿನೈದರ ಪಕ್ಕಕ್ಕೆ ಇನ್ನೂ ಬಂದಿರಲಿಲ್ಲ.

ಈ ಪ್ರಯಾಣದಲ್ಲಿ ಪಾಲ್ಗೊಂಡ ಎಲ್ಲರಿಗೂ ಒಳಿತಾಗಲಿ. ದೇವರಿಗೆ ಪಾಸ್‌ಪೋರ್ಟ್ ಕೇಳದ ತಾಯಿಗೆ, ಪಂಚೆ ಮಡಚಿಟ್ಟ ನಿರ್ವಾಹಕನಿಗೆ, ಒಂದೇ ಪ್ರಶ್ನೆ ಕೇಳಿದ ಪೈಗಳ ಗೃಹಿಣಿಗೆ, ಎದ್ದು ಹೋದ ಹಿರಿಯರಿಗೂ ಒಳಿತಾಗಲಿ. ನಾಚಿಕೆಯನ್ನೂ ತೂಗಿ ಬರೆದುಕೊಂಡ ವಂಜಿರು ಅವರ ಲೇಖನಿ ನೆಟ್ಟಗಿರಲಿ. ಭಾರ್ಗವಿಯ ಗೆರೆಗಳು ಸತ್ಯವನ್ನೇ ಹೇಳಲಿ. ಮುಟುವಾನ ಮನೆಯಲ್ಲಿ ಅವನ ಮಾತು ಹುಸಿಯಾಗದಿರಲಿ. ಹದಿನಾಲ್ಕನೆಯ ಹಸುವಿನ ಕೆಚ್ಚಲು ಒಣ ಹುಲ್ಲಿನ ದಿನಗಳಲ್ಲೂ ಬತ್ತದಿರಲಿ. ಅವಳ ಕರುವಿಗೆ ದೀರ್ಘಾಯುಷ್ಯವನ್ನು ಹರಸಲು ನಾಲಗೆ ಏಳುವುದಿಲ್ಲ. ಅದು ಹೋಗಬೇಕಾದ ಜಾಗ ನನಗೆ ಗೊತ್ತು, ಅದನ್ನು ತಪ್ಪಿಸುವ ಶಕ್ತಿ ನನ್ನದಲ್ಲ, ಗೊತ್ತಿಲ್ಲವೆಂದು ನಟಿಸುವ ಹಕ್ಕೂ ಇನ್ನು ನನಗಿಲ್ಲ. ಇರುವಷ್ಟು ದಿನ ಅದರ ಹಾಲು ಅದಕ್ಕೇ ಸಿಗಲಿ.